ಜೆನೆಟಿಕ್ ಎಂಜಿನಿಯರಿಂಗ್‌ಗೆ ಹೋಗಬೇಕು, ಯಾವ ಡಿಗ್ರಿ ಓದಲಿ?

(ಹಾವೇರಿ ಜಿಲ್ಲೆಯ ಪಿಯು ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮಗೆ ಬೇಕಾದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾರಣ ಹೇಳುತ್ತೇನೆ. ಜೆನೆಟಿಕ್ ಎಂಜಿನಿಯರಿಂಗ್ ಅಂದರೆ ಜೀವಿಯ ಗುಣಗಳನ್ನು ನಿರ್ಧರಿಸುವ ಡಿಎನ್‌ಎ ತುಂಡುಗಳನ್ನು, ಅಂದರೆ ಜೀನ್‌ಗಳನ್ನು, ಬೇಕಾದ ಹಾಗೆ ತಿದ್ದುವ ವಿದ್ಯೆ. ಜೆನೆಟಿಕ್ ಎಂಜಿನಿಯರಿಂಗ್ ಅಂತ ಬೋರ್ಡ್ ಹಾಕಿರುವ ಡಿಗ್ರಿಯನ್ನೇ ಹುಡುಕಿಕೊಂಡು ಹೋಗಬೇಡಿ. ತಮಿಳುನಾಡಿನ ಕಡೆ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಆ ಹೆಸರಿನ ಬಿ.ಟೆಕ್ ಇದೆ. ಓದಿದರೆ ತಪ್ಪೇನಿಲ್ಲ. ಆದರೆ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಹೆಚ್ಚಿನವರು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬಂದವರು. ನೀವು ಯಾವುದರ ಜೀನ್ ಮೇಲೆ ಕೆಲಸ ಮಾಡಬೇಕು ಅಂದುಕೊಂಡಿದ್ದೀರಿ? ಬೆಳೆಯದ್ದಾ, ಸೂಕ್ಷ್ಮಜೀವಿಯದ್ದಾ, ಮನುಷ್ಯನದ್ದಾ? ಅದು ತೀರ್ಮಾನವಾದರೆ ಡಿಗ್ರಿ ಯಾವುದು ಅನ್ನುವುದು ಅರ್ಧ ಬಗೆಹರಿದ ಹಾಗೆ.

ಈ ಕ್ಷೇತ್ರ ಕಟ್ಟಿದವರನ್ನೇ ನೋಡಿ. ಹರಗೋವಿಂದ ಖುರಾನಾ ಓದಿದ್ದು ರಸಾಯನಶಾಸ್ತ್ರ. ಲಾಹೋರಿನಲ್ಲಿ ಬಿ.ಎಸ್‌ಸಿ, ಎಂ.ಎಸ್‌ಸಿ ಮಾಡಿದವರು. ಮುಂದೆ ಪ್ರಯೋಗಾಲಯದಲ್ಲಿ ಒಂದು ಇಡೀ ಜೀನನ್ನೇ ರಾಸಾಯನಿಕವಾಗಿ ಕಟ್ಟಿ ತೋರಿಸಿದರು. 1973ರಲ್ಲಿ ಒಂದು ಜೀವಿಯ ಡಿಎನ್‌ಎ ತುಂಡನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸಿದ ಇಬ್ಬರಲ್ಲಿ ಸ್ಟ್ಯಾನ್ಲಿ ಕೋಹೆನ್ ವೈದ್ಯರು, ಹರ್ಬರ್ಟ್ ಬೋಯರ್ ಬ್ಯಾಕ್ಟೀರಿಯಾಗಳ ತಜ್ಞರು. ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸಿ ಜೀನ್ ತಿದ್ದುವ ಕ್ರಿಸ್ಪರ್ ತಂತ್ರಕ್ಕಾಗಿ 2020ರಲ್ಲಿ ನೊಬೆಲ್ ಪಡೆದ ಜೆನ್ನಿಫರ್ ಡೌಡ್ನಾ ಓದಿದ್ದು ಬಯೋಕೆಮಿಸ್ಟ್ರಿ. ಇವರೆಲ್ಲ ಓದುವಾಗ ಆ ಹೆಸರಿನ ಡಿಗ್ರಿ ಇರಲಿಲ್ಲ ಅಂತ ನೀವು ಹೇಳಬಹುದು, ನಿಜ. ಹಾಗಾಗಿ ಹಳೆಯ ಕಥೆ ಬಿಟ್ಟು ಈಚಿನ ಒಂದು ಕೆಲಸವನ್ನೇ ಬಿಚ್ಚಿ ನೋಡೋಣ.

ಗಂಗಾವತಿ, ಸಿಂಧನೂರು ಕಡೆ ರೈತರು ಬಿಪಿಟಿ ಅಂತ ಕರೆಯುವ ಭತ್ತ ಇದೆಯಲ್ಲ, ಬಿಪಿಟಿ 5204, ಅದರ ಇನ್ನೊಂದು ಹೆಸರು ಸಾಂಬಾ ಮಸೂರಿ. ಅದರ ಒಂದು ಜೀನನ್ನು ಕ್ರಿಸ್ಪರ್‌ನಿಂದ ತಿದ್ದಿ ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯವರು ಹೊಸ ತಳಿ ಮಾಡಿದರು. 2025ರ ಮೇ ತಿಂಗಳಲ್ಲಿ ಅದನ್ನು ‘ಕಮಲಾ’ ಅನ್ನುವ ಹೆಸರಿನಲ್ಲಿ ಪ್ರಕಟಿಸಿದರು. ಅದೇ ದಿನ ದೆಹಲಿಯ ಪೂಸಾ ಸಂಸ್ಥೆಯ ಇನ್ನೊಂದು ಭತ್ತವೂ ಹೊರಬಂತು. ಜೀನ್ ತಿದ್ದಿದ ಭತ್ತದ ತಳಿಗಳನ್ನು ನಮ್ಮ ದೇಶ ಪ್ರಕಟಿಸಿದ್ದು ಅದೇ ಮೊದಲು.

ಕಮಲಾದಲ್ಲಿ ಮಾಡಿದ್ದೇನು? ಗಿಡದಲ್ಲಿ ಸೈಟೊಕೈನಿನ್ ಅನ್ನುವ ಹಾರ್ಮೋನ್ ಇದೆ, ನಿಮ್ಮ ಪಠ್ಯದಲ್ಲೇ ಬರುತ್ತದೆ. ತೆನೆ ಮೂಡುವ ಹೊತ್ತಿಗೆ ಈ ಹಾರ್ಮೋನ್ ಜಾಸ್ತಿ ಇದ್ದರೆ ತೆನೆಯಲ್ಲಿ ಹೆಚ್ಚು ಕಾಳು ಹುಟ್ಟುತ್ತವೆ. ಅದನ್ನು ಒಡೆದು ಹಾಕುವ ಒಂದು ಎಂಜೈಮ್ ಕೂಡ ಗಿಡದಲ್ಲಿದೆ. ಆ ಎಂಜೈಮ್ ಮಾಡುವ ಜೀನನ್ನು ಕೆಡಿಸಿದರೆ ಹಾರ್ಮೋನ್ ಉಳಿಯುತ್ತದೆ, ಕಾಳು ಹೆಚ್ಚುತ್ತದೆ. ಹೊರಗಿನ ಯಾವ ಜೀನನ್ನೂ ಕೊನೆಯ ತಳಿಯಲ್ಲಿ ಉಳಿಸಿಲ್ಲ. ಇಷ್ಟೇ ಕಥೆ. ಆದರೆ ಈ ಇಷ್ಟಕ್ಕೆ ಎಷ್ಟು ಥರದ ಜನ ಬೇಕು ನೋಡಿ.

ಮೊದಲ ಕೆಲಸ ಕಂಪ್ಯೂಟರ್ ಮುಂದೆ. ಭತ್ತದ ಡಿಎನ್‌ಎಯಲ್ಲಿ ಸುಮಾರು 39 ಕೋಟಿ ಅಕ್ಷರಗಳಿವೆ. ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ಬಳಸುವ ಕ್ಯಾಸ್9 ಅನ್ನುವ ಪ್ರೋಟೀನ್ ಅದರಲ್ಲಿ ಸರಿಯಾದ ಜಾಗಕ್ಕೆ ಹೋಗಿ ಕತ್ತರಿಸಬೇಕು. ದಾರಿ ತೋರಿಸಲು 20 ಅಕ್ಷರದ ಗೈಡ್ ಆರ್‌ಎನ್‌ಎ ಬರೆದು ಕೊಡುತ್ತಾರೆ. ಆ 20 ಅಕ್ಷರಗಳ ಜೊತೆ ಹೊಂದುವ ಜಾಗ ಬೇರೆ ಎಲ್ಲಾದರೂ ಇದೆಯಾ, ಒಂದೆರಡು ಅಕ್ಷರ ಮಾತ್ರ ಬೇರೆಯಿರುವ ಜಾಗ ಇದೆಯಾ ಅಂತ ಇಡೀ 39 ಕೋಟಿಯನ್ನು ಜಾಲಾಡಬೇಕು. ಇದು ಬಯೋಇನ್ಫರ್ಮ್ಯಾಟಿಕ್ಸ್ ಕೆಲಸ. ಕಂಪ್ಯೂಟರ್ ಸೈನ್ಸ್ ಓದಿದವರೂ ಮಾಡುತ್ತಾರೆ, ಕೋಡಿಂಗ್ ಕಲಿತ ಜೀವಶಾಸ್ತ್ರದವರೂ ಮಾಡುತ್ತಾರೆ.

ಎರಡನೆಯದು ಪ್ರಯೋಗಾಲಯದ ಮೇಜಿನ ಕೆಲಸ. ಗೈಡ್ ಮತ್ತು ಕ್ಯಾಸ್9 ಮಾಡುವ ಜೀನ್‌ಗಳನ್ನು ಪ್ಲಾಸ್ಮಿಡ್ ಅನ್ನುವ ಉಂಗುರದಂಥ ಚಿಕ್ಕ ಡಿಎನ್‌ಎಗೆ ಸೇರಿಸಬೇಕು. ಸೇರಿದೆಯಾ ಅಂತ ಪಿಸಿಆರ್ ಮಾಡಿ (ಡಿಎನ್‌ಎ ತುಂಡಿನ ಪ್ರತಿಗಳನ್ನು ಹೆಚ್ಚಿಸಿ), ಜೆಲ್ ಓಡಿಸಿ (ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ), ಸೀಕ್ವೆನ್ಸ್ ಮಾಡಿ (ಅಕ್ಷರಗಳನ್ನು ಓದಿ) ನೋಡಬೇಕು. ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಓದಿದವರ ಜಾಗ ಇದು.

ಮೂರನೆಯದು ಟಿಶ್ಯೂ ಕಲ್ಚರ್. ಭತ್ತದ ಸಿಪ್ಪೆ ಸುಲಿದು, ಕಾಳನ್ನು ಚೆನ್ನಾಗಿ ಸೋಂಕುರಹಿತ ಮಾಡಿ ಜೆಲ್ಲಿಯಂಥ ಮಾಧ್ಯಮದ ಮೇಲೆ ಇಡುತ್ತಾರೆ. ಆ ಮಾಧ್ಯಮಕ್ಕೆ ಹಾಕುವ ಒಂದು ಪದಾರ್ಥ 2,4-ಡಿ. ಇಲ್ಲಿರುವ ರೈತರಿಗೆ ಹೆಸರು ಗೊತ್ತಿರುತ್ತದೆ, ಕಳೆನಾಶಕವಾಗಿ ಹೊಡೆಯುವುದೂ ಅದೇ. ಹೊಲದಲ್ಲಿ ಕಳೆ ಸುಡುವ ಅದೇ ಪದಾರ್ಥ ಲೀಟರಿಗೆ ಒಂದೆರಡು ಮಿಲಿಗ್ರಾಂ ಪ್ರಮಾಣದಲ್ಲಿ ಹಾರ್ಮೋನಿನ ಹಾಗೆ ಕೆಲಸ ಮಾಡಿ, ಕಾಳಿನ ತುದಿಯಲ್ಲಿ ತಿಳಿಹಳದಿ ಬಣ್ಣದ ಸಣ್ಣ ಸಣ್ಣ ಗಂಟುಗಳನ್ನು ಹುಟ್ಟಿಸುತ್ತದೆ. ಅದೇ ಕ್ಯಾಲಸ್. ಆಗ್ರೋಬ್ಯಾಕ್ಟೀರಿಯಂ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದ ಮೂಲಕ ಪ್ಲಾಸ್ಮಿಡ್‌ನ ಆ ತುಂಡನ್ನು ಕ್ಯಾಲಸ್‌ನ ಜೀವಕೋಶದೊಳಕ್ಕೆ ಕಳಿಸಿ, ಅಲ್ಲಿಂದ ಮತ್ತೆ ಇಡೀ ಗಿಡ ಬರಿಸಬೇಕು. ಒಂದು ಫಂಗಸ್ ಹೊಕ್ಕರೆ ತಿಂಗಳುಗಳ ಕೆಲಸ ಹೋಯಿತು. ಇಲ್ಲಿ ಬೇಕಾಗುವುದು ಸಹನೆ, ಕೈಶುದ್ಧಿ. ರ‍್ಯಾಂಕ್ ಬಂದವರೂ ಇದರಲ್ಲಿ ಸೋಲುತ್ತಾರೆ, ಸಾಧಾರಣ ಅಂಕ ತೆಗೆದವರು ಅದ್ಭುತವಾಗಿ ಮಾಡುತ್ತಾರೆ. ನಾನು ಎರಡೂ ನೋಡಿದ್ದೇನೆ.

ನಾಲ್ಕನೆಯ ಹಂತದಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇದು ಪೂರ್ತಿ ನಿಮ್ಮ ದ್ವಿತೀಯ ಪಿಯು ಪಾಠ. ಬಂದ ಗಿಡದಲ್ಲಿ ಜೀನ್ ತಿದ್ದಿದೆ ಸರಿ. ಆದರೆ ತಿದ್ದಲು ಕಳಿಸಿದ ಕ್ಯಾಸ್9 ಜೀನ್ ಕೂಡ ಒಳಗೇ ಕೂತಿದೆ. ಅದನ್ನು ಹೊರಹಾಕಬೇಕು. ಹೇಗೆ? ಮೆಂಡೆಲ್ ಹೇಳಿದ ಹಾಗೆ. ಗಿಡ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಂಡು ಬೀಜ ಕಟ್ಟಲಿ. ಕ್ಯಾಸ್9 ಒಂದೇ ಪ್ರತಿ ಇದ್ದರೆ ಮುಂದಿನ ಪೀಳಿಗೆಯ ನಾಲ್ಕರಲ್ಲಿ ಒಂದು ಗಿಡಕ್ಕೆ ಅದು ಬರುವುದಿಲ್ಲ. ತಿದ್ದುಪಡಿಯೂ ಈಗ ಒಂದೇ ಪ್ರತಿಯಲ್ಲಿದ್ದರೆ, ಮುಂದಿನ ಪೀಳಿಗೆಯಲ್ಲಿ ಅದು ಎರಡೂ ಪ್ರತಿಗಳಲ್ಲಿ ಇರುವ ಗಿಡವೂ ನಾಲ್ಕರಲ್ಲಿ ಒಂದು. ಎರಡೂ ಬೇರೆ ಬೇರೆ ಕ್ರೋಮೋಸೋಮ್‌ಗಳ ಮೇಲಿವೆ ಅಂತ ಇಟ್ಟುಕೊಳ್ಳಿ. ಆಗ ನಮಗೆ ಬೇಕಾದ ಗಿಡ ಹದಿನಾರರಲ್ಲಿ ಒಂದು.

ಹಾಗಾದರೆ 16 ಬೀಜ ಬಿತ್ತಿದರೆ ಸಾಕಾ? ಸಾಲದು. ಒಂದು ಗಿಡ ನಮಗೆ ಬೇಡವಾದದ್ದು ಆಗುವ ಸಂಭವ 15/16. ಹದಿನಾರೂ ಬೇಡವಾದವೇ ಆಗುವ ಸಂಭವ ತಿಳಿಯಲು 15/16 ಅನ್ನು 16 ಸಲ ಗುಣಿಸಿ. ಸುಮಾರು 0.36 ಬರುತ್ತದೆ. ಅಂದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬರಿಗೈ. 95 ಶೇಕಡಾ ಭರವಸೆ ಬೇಕಾದರೆ 47 ಗಿಡ ಬೆಳೆಸಬೇಕು. 99 ಬೇಕಾದರೆ 72. ಲಾಗರಿದಮ್ ಬಳಸಿ ಮನೆಯಲ್ಲಿ ನೀವೇ ಮಾಡಿ ನೋಡಿ. ‘ಬಯಾಲಜಿಗೆ ಗಣಿತ ಯಾಕೆ’ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಈ ಲೆಕ್ಕ.

ಆಮೇಲೆ ಗಿಡ ಹೊಲಕ್ಕೆ ಬರಬೇಕು. ಬೇರೆ ಬೇರೆ ಊರುಗಳಲ್ಲಿ ಬಿತ್ತಿ, ಇಳುವರಿ, ರೋಗ, ಅಕ್ಕಿಯ ಗುಣ ಎಲ್ಲ ಅಳೆಯಬೇಕು. ಇದಕ್ಕೆ ಕೃಷಿ ಪದವಿ ಓದಿ, ಸಸ್ಯ ತಳಿ ಅಭಿವೃದ್ಧಿಯಲ್ಲಿ ಎಂ.ಎಸ್‌ಸಿ ಮಾಡಿದವರು ಬೇಕು. ಪೇಟೆಂಟ್, ನಿಯಮ, ಅನುಮತಿ ನೋಡಲು ಕಾನೂನು ಗೊತ್ತಿರುವವರು ಬೇಕು. ಒಂದು ಭತ್ತ, ಐದಾರು ಥರದ ಓದು.

ಈಗ ನಿಮ್ಮ ವಿಷಯಕ್ಕೆ ಬರೋಣ.

ಬೆಳೆಗಳ ಮೇಲೆ ಆಸಕ್ತಿ ಇರುವವರು ಬಿ.ಎಸ್‌ಸಿ ಅಗ್ರಿ ಬಗ್ಗೆ ಗಂಭೀರವಾಗಿ ಯೋಚಿಸಿ. ಹತ್ತಿರದಲ್ಲೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದೆ. ಬೆಂಗಳೂರಿನ ಜಿಕೆವಿಕೆ, ರಾಯಚೂರು, ಶಿವಮೊಗ್ಗ ಇವೆ, ತೋಟಗಾರಿಕೆಗೆ ಬಾಗಲಕೋಟೆ ಇದೆ. ಹೆಚ್ಚಿನ ಸೀಟು ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಮೀಸಲು ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ನಾಲ್ಕು ವರ್ಷದ ಓದಿನಲ್ಲಿ ಜೆನೆಟಿಕ್ಸ್, ತಳಿ ಅಭಿವೃದ್ಧಿ, ಮಣ್ಣು, ಕೀಟ, ರೋಗ ಎಲ್ಲವೂ ಬರುತ್ತವೆ. ಎಂ.ಎಸ್‌ಸಿಗೆ ಮಾಲಿಕ್ಯುಲರ್ ಬಯಾಲಜಿ ಮತ್ತು ಬಯೋಟೆಕ್ನಾಲಜಿ ತೆಗೆದುಕೊಳ್ಳಬಹುದು. ರಾಣೆಬೆನ್ನೂರು ಕಡೆಯಿಂದ ಬಂದ ಮಕ್ಕಳು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಎಷ್ಟೊಂದು ಜನ! ನಿಮ್ಮಲ್ಲಿ ಹಲವರ ಮನೆಯಲ್ಲಿ ಬೀಜೋತ್ಪಾದನೆ ಇದೆ. ಹತ್ತಿಯಲ್ಲಿ ಸಂಜೆ ಮೊಗ್ಗಿನ ಗಂಡು ಭಾಗ ತೆಗೆದು, ಮಾರನೆಯ ಬೆಳಗ್ಗೆ ಇನ್ನೊಂದು ಗಿಡದ ಪರಾಗ ಮುಟ್ಟಿಸುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ, ಎಷ್ಟೋ ಜನ ಮಾಡಿಯೂ ಇದ್ದೀರಿ. ದೊಡ್ಡ ಊರಿನ ಮಕ್ಕಳು ಕಾಲೇಜಿನ ಮೂರನೇ ವರ್ಷದಲ್ಲಿ ಕಲಿಯುವುದು ನಿಮ್ಮ ಬೆರಳಿಗೆ ಆಗಲೇ ಗೊತ್ತು. ಸಂದರ್ಶನದಲ್ಲಿ ಇದನ್ನು ಹೇಳಲು ಸಂಕೋಚಪಡಬೇಡಿ.

ಸೂಕ್ಷ್ಮಜೀವಿಗಳಿಂದ ಔಷಧ, ಎಂಜೈಮ್, ಲಸಿಕೆ ಮಾಡುವ ಕಡೆ ಮನಸ್ಸಿದ್ದರೆ ಬಿಇ ಬಯೋಟೆಕ್ನಾಲಜಿ ಅಥವಾ ಕೆಮಿಕಲ್ ಎಂಜಿನಿಯರಿಂಗ್ ನೋಡಿ. ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದಲ್ಲಿಟ್ಟು ಇನ್ಸುಲಿನ್ ತೆಗೆದದ್ದು 1978ರಲ್ಲಿ. ಅದು ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1982ರಲ್ಲಿ. ನಡುವಿನ ನಾಲ್ಕು ವರ್ಷದ ಹೋರಾಟದಲ್ಲಿ ಜೀನ್ ಕೆಲಸದಷ್ಟೇ ಎಂಜಿನಿಯರಿಂಗ್ ಕೆಲಸವೂ ಇತ್ತು. ಸೂಕ್ಷ್ಮಜೀವಿಗಳನ್ನು ಬೆಳೆಸುವ ಸಾವಿರಾರು ಲೀಟರಿನ ತೊಟ್ಟಿಯಲ್ಲಿ, ಅಂದರೆ ಫರ್ಮೆಂಟರ್‌ನಲ್ಲಿ, ಆಮ್ಲಜನಕ, ಉಷ್ಣಾಂಶ, ಪಿಎಚ್ ಹಿಡಿತದಲ್ಲಿಡುವುದು, ಕೊನೆಗೆ ಪ್ರೋಟೀನನ್ನು ಶುದ್ಧ ಮಾಡುವುದು ಸುಲಭದ ಮಾತಲ್ಲ. ಬೆಂಗಳೂರಿನ ಬಯೋಕಾನ್ 1978ರಲ್ಲಿ ಎಂಜೈಮ್ ಮಾಡುತ್ತಾ ಶುರುವಾಗಿ, 2004ರಲ್ಲಿ ಯೀಸ್ಟ್‌ನಿಂದ ಇನ್ಸುಲಿನ್ ಮಾಡಿ ಮಾರುಕಟ್ಟೆಗೆ ತಂದಿತು. ಅದನ್ನು ಕಟ್ಟಿದ ಕಿರಣ್ ಮಜುಂದಾರ್ ಷಾ ಅವರು ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಪದವೀಧರೆ. ಆಮೇಲೆ ಆಸ್ಟ್ರೇಲಿಯಾದಲ್ಲಿ ಬ್ರೂಯಿಂಗ್ ಕಲಿತವರು. ಬಿಯರ್ ಹುದುಗಿಸುವ ವಿದ್ಯೆಯೇ ಫರ್ಮೆಂಟರ್ ವಿದ್ಯೆ.

ಮನುಷ್ಯರ ಕಾಯಿಲೆಗಳು ನಿಮ್ಮನ್ನು ಸೆಳೆಯುತ್ತಿದ್ದರೆ ದಾರಿ ಎರಡು. ಎಂಬಿಬಿಎಸ್ ಮಾಡಿ, ಎಂಡಿ ಮುಗಿಸಿ ಮೆಡಿಕಲ್ ಜೆನೆಟಿಕ್ಸ್‌ಗೆ ಹೋಗಬಹುದು. ಅಥವಾ ಬಿ.ಎಸ್‌ಸಿ ಮಾಡಿ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ಎಂ.ಎಸ್‌ಸಿ, ಪಿಎಚ್‌.ಡಿ ಮಾಡಬಹುದು. ಮಣಿಪಾಲದಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವಿದೆ. ಜೆನೆಟಿಕ್ ಕೌನ್ಸೆಲಿಂಗ್ ಅನ್ನುವ ಕೋರ್ಸ್ ಕೂಡ ಇದೆ. ಪರೀಕ್ಷೆಯ ಫಲಿತಾಂಶವನ್ನು ಕುಟುಂಬಕ್ಕೆ ಅರ್ಥ ಮಾಡಿಸುವ ಕೆಲಸ ಅದು. ಕನ್ನಡದಲ್ಲಿ ಸಮಾಧಾನವಾಗಿ ವಿವರಿಸಬಲ್ಲವರು ನಮಗೆ ತುಂಬಾ ಬೇಕು. ಬಿಳಿಗಿರಿರಂಗನ ಬೆಟ್ಟ, ಎಚ್‌.ಡಿ. ಕೋಟೆ, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಅಪ್ಪ ಅಮ್ಮನ ಜೀನಿನಿಂದ ಬರುವ ಸಿಕಲ್ ಸೆಲ್ ರಕ್ತದ ಕಾಯಿಲೆ ಇದೆ. ಇದೇ ಕಾಯಿಲೆಗೆ ಕ್ರಿಸ್ಪರ್‌ನಿಂದ ಮಾಡಿದ ಕ್ಯಾಸ್ಜೆವಿ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮತ್ತೆ ಸೇರಿಸುತ್ತಾರೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಆ ಬೆಲೆಗೆ ಬೆಟ್ಟದ ಸೋಲಿಗ ಆದಿವಾಸಿಗಳ ಊರಿಗೆ ಅದು ಎಂದೂ ಮುಟ್ಟುವುದಿಲ್ಲ. ಕಡಿಮೆ ಖರ್ಚಿನಲ್ಲಿ ಇಲ್ಲೇ ಮಾಡಲು ಆಗುತ್ತದೆ ಅನ್ನುವುದಕ್ಕೆ ಒಂದು ಆಧಾರ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಸೇರಿ ರಕ್ತದ ಕ್ಯಾನ್ಸರಿಗೆ ಜೀನ್ ಬದಲಿಸಿದ ಜೀವಕೋಶಗಳ ಚಿಕಿತ್ಸೆ ಮಾಡಿದರು, 2023ರ ಅಕ್ಟೋಬರಿನಲ್ಲಿ ಒಪ್ಪಿಗೆಯೂ ಸಿಕ್ಕಿತು. ವಿದೇಶದ ಬೆಲೆಗೆ ಹೋಲಿಸಿದರೆ ಅದರದ್ದು ತುಂಬಾ ಕಡಿಮೆ. ಸಿಕಲ್ ಸೆಲ್‌ನಲ್ಲೂ ಅಂಥದ್ದು ಆಗಬೇಕು, ಮಾಡುವವರು ನಿಮ್ಮ ವಯಸ್ಸಿನವರೇ ಅಂತ ನನಗೆ ಅನಿಸುತ್ತದೆ.

ಪಶುವೈದ್ಯಕೀಯದ ದಾರಿಯೂ ಇದೆ. ಕಂಪ್ಯೂಟರ್ ಇಷ್ಟಪಡುವವರು ಭಯಪಡಬೇಕಿಲ್ಲ. ಜೀನ್ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಬೆಂಗಳೂರಿನ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಕಂಪನಿಯನ್ನು 2000ದಲ್ಲಿ ಶುರು ಮಾಡಿದ್ದೇ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆಯ) ಕಂಪ್ಯೂಟರ್ ಸೈನ್ಸ್ ಪ್ರಾಧ್ಯಾಪಕರು.

ಇನ್ನು ಯಾವುದೂ ತೀರ್ಮಾನವಾಗಿಲ್ಲ, ಜೀವ ಹೇಗೆ ನಡೆಯುತ್ತದೆ ಅಂತ ತಿಳಿಯುವ ಆಸೆ ಮಾತ್ರ ಇದೆ ಅನ್ನುವವರಿಗೆ ಬೇಸಿಕ್ ಸೈನ್ಸ್ ಒಳ್ಳೆಯದು. ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ಗಳಲ್ಲಿ ಐದು ವರ್ಷದ ಬಿಎಸ್-ಎಂಎಸ್ ಇದೆ. ಅವರ ಪ್ರವೇಶ ಪರೀಕ್ಷೆಯಲ್ಲಿ ಜೀವಶಾಸ್ತ್ರ, ರಸಾಯನ, ಭೌತ, ಗಣಿತ ಪ್ರತಿಯೊಂದರಿಂದ 15 ಪ್ರಶ್ನೆ, ಒಟ್ಟು 60. ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಬಿಎಸ್ ಇದೆ. ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ, ಯಾರೋ ಹೇಳಿದ್ದನ್ನು ನಂಬಬೇಡಿ. ಇವೆರಡೂ ಸಿಗಲಿಲ್ಲ ಅಂತ ಕೊರಗಬೇಡಿ. ನಮ್ಮ ಸರ್ಕಾರಿ ಪದವಿ ಕಾಲೇಜಿನ ಮೂರು ವರ್ಷದ ಬಿ.ಎಸ್‌ಸಿ, ಆಮೇಲೆ ಒಳ್ಳೆಯ ಕಡೆ ಎಂ.ಎಸ್‌ಸಿ, ಇದು ಈಗಲೂ ಗಟ್ಟಿ ದಾರಿ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಜಾಸ್ತಿ ಜನ ಬಂದದ್ದು ಈ ದಾರಿಯಲ್ಲೇ.

ಒಂದು ಎಚ್ಚರಿಕೆ, ಮುಖ್ಯವಾಗಿ ಪ್ರಥಮ ಪಿಯು ಮಕ್ಕಳಿಗೆ ಮತ್ತು ಹತ್ತನೇ ಕ್ಲಾಸ್ ಮಕ್ಕಳ ತಂದೆ ತಾಯಿಗೆ. ಗಣಿತ ಬಿಡಬೇಡಿ. ನಮ್ಮಲ್ಲಿ ಬಿಇ ಬಯೋಟೆಕ್ನಾಲಜಿಗೆ ಭೌತ ಮತ್ತು ಗಣಿತ ಕಡ್ಡಾಯ. ಸಿಇಟಿ ರ‍್ಯಾಂಕ್ ಕೂಡ ಪಿಸಿಎಂ ಮೇಲೆ. ಜೀವಶಾಸ್ತ್ರವನ್ನೇ ಓದದ ಹುಡುಗನಿಗೆ ಬಯೋಟೆಕ್ ಸೀಟು ಸಿಗುತ್ತದೆ, ಗಣಿತ ಬಿಟ್ಟು ಜೀವಶಾಸ್ತ್ರ ಚೆನ್ನಾಗಿ ಓದಿದ ಹುಡುಗಿಗೆ ಸಿಗುವುದಿಲ್ಲ. ಈ ನಿಯಮ ನನಗೆ ಸರಿ ಕಾಣುವುದಿಲ್ಲ, ಆದರೆ ಇರುವುದು ಹಾಗೆ. ಪಿಸಿಎಂಬಿ ಸ್ವಲ್ಪ ಭಾರ ಅನ್ನಿಸಿದರೂ ಎರಡು ವರ್ಷ ತಡೆದುಕೊಳ್ಳಿ.

ಈಗ ಕಾಲೇಜು ಆಯ್ಕೆಗೆ ಬರುತ್ತೇನೆ. ನಾನು ಇಲ್ಲಿಗೆ ಬಂದದ್ದೇ ಇದನ್ನು ಹೇಳಲು ಅಂದರೂ ಸರಿ. ಬಹಳ ಜನ ಕ್ಯಾಂಪಸ್ ನೋಡುತ್ತಾರೆ, ಹಾಸ್ಟೆಲ್ ನೋಡುತ್ತಾರೆ, ಪ್ಲೇಸ್‌ಮೆಂಟ್ ಪಟ್ಟಿ ನೋಡುತ್ತಾರೆ. ಲ್ಯಾಬ್ ನೋಡುವುದೇ ಇಲ್ಲ. ಸೇರುವ ಮುಂಚೆ ಲ್ಯಾಬ್ ತೋರಿಸಿ ಅಂತ ಕೇಳಿ. ಸಂಕೋಚ ಬೇಡ, ದುಡ್ಡು ಕಟ್ಟುವವರು ನೀವು.

ಒಳಗೆ ಹೋದಾಗ ಪಿಸಿಆರ್ ಮೆಷೀನ್ ಎಲ್ಲಿದೆ ಅಂತ ಕೇಳಿ. ಅದರ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಧೂಳು ಕೂತಿದ್ದರೆ ಅರ್ಥ ಮಾಡಿಕೊಳ್ಳಿ. ಪಕ್ಕದಲ್ಲಿ ಒಂದು ರಿಜಿಸ್ಟರ್ ಇರಬೇಕು, ಯಾರು ಯಾವಾಗ ಬಳಸಿದರು ಅಂತ. ಅದರ ಕೊನೆಯ ಪುಟ ತೆರೆದು ನೋಡಿ. ಕೊನೆಯ ತಾರೀಖು ಕಳೆದ ವಾರದ್ದಾ, ಎರಡು ವರ್ಷ ಹಿಂದಿನದ್ದಾ? ಬಳಸಿದವರ ಹೆಸರು ವಿದ್ಯಾರ್ಥಿಗಳದ್ದಾ, ಬರೀ ಮೇಷ್ಟ್ರದ್ದಾ? ಮೈನಸ್ 20 ಫ್ರೀಜರ್‌ನಲ್ಲಿ ಎಂಜೈಮ್‌ಗಳಿವೆಯಾ? ಕರೆಂಟ್ ಹೋದರೆ ಜನರೇಟರ್ ಇದೆಯಾ? ಇದು ಸಣ್ಣ ಪ್ರಶ್ನೆ ಅಲ್ಲ. ಒಂದು ರಾತ್ರಿ ಫ್ರೀಜರ್ ನಿಂತರೆ ಒಂದು ಸೆಮಿಸ್ಟರಿನ ಪ್ರಯೋಗವೇ ಹೋಗುತ್ತದೆ. ಎರಡನೇ, ಮೂರನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹೊರಗೆ ಕರೆದು ಕೇಳಿ: ‘ಮೈಕ್ರೋಪಿಪೆಟ್ ಕೈಯಲ್ಲಿ ಹಿಡಿದಿದ್ದೀಯಾ? ಪ್ಲಾಸ್ಮಿಡ್ ನೀನೇ ತೆಗೆದಿದ್ದೀಯಾ, ಅಥವಾ ಮೇಡಂ ಮಾಡುವುದನ್ನು ನಲವತ್ತು ಜನ ಸುತ್ತ ನಿಂತು ನೋಡಿದ್ದಾ?’ ಆ ಉತ್ತರ ಕಾಲೇಜಿನ ಬ್ರೋಷರ್‌ಗಿಂತ ನಿಜ. ಹೆಸರಿಲ್ಲದ ಕಾಲೇಜಿನಲ್ಲೂ ಒಬ್ಬ ಒಳ್ಳೆಯ ಅಧ್ಯಾಪಕಿ ಲ್ಯಾಬನ್ನು ಜೀವಂತ ಇಟ್ಟಿರುತ್ತಾರೆ. ಅಂಥ ಕಡೆ ಸೇರಿ.

ಎಲ್ಲಿ ಸೇರಿದರೂ ಬೇಸಿಗೆ ರಜೆ ವ್ಯರ್ಥ ಮಾಡಬೇಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದರೆ ಸುಮಾರು ಎರಡು ತಿಂಗಳು ನಿಜವಾದ ಪ್ರಯೋಗಾಲಯದಲ್ಲಿ ಕೆಲಸ, ಸ್ಟೈಪೆಂಡ್ ಕೂಡ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಅಂಥದ್ದಿದೆ. ಸಣ್ಣ ಊರಿನ ಕಾಲೇಜುಗಳಲ್ಲಿ ಎಷ್ಟೋ ಸಲ ಈ ಸುದ್ದಿಯೇ ತಲುಪುವುದಿಲ್ಲ. ನೀವು ಬರೆದಿಟ್ಟುಕೊಳ್ಳಿ.

ಪೋಷಕರು ಕಾಯುತ್ತಿರುವ ವಿಷಯ ಕೆಲಸ. ನೇರವಾಗಿ ಹೇಳುತ್ತೇನೆ. ಬರೀ ಬಿಇ ಅಥವಾ ಬಿ.ಎಸ್‌ಸಿ ಬಯೋಟೆಕ್‌ನಿಂದ ಜೀನ್ ಕೆಲಸ ಸಿಗುವುದು ಕಷ್ಟ. ಕ್ಯಾಂಪಸ್‌ಗೆ ಬರುವ ಕಂಪನಿಗಳಲ್ಲಿ ಜಾಸ್ತಿ ಸಾಫ್ಟ್‌ವೇರ್‌ನವೇ, ಮಕ್ಕಳು ಆ ಕಡೆ ಹೋಗಿಬಿಡುತ್ತಾರೆ. ಎಂ.ಎಸ್‌ಸಿ ಅಥವಾ ಎಂ.ಟೆಕ್ ಆದರೆ ಬೆಂಗಳೂರಿನ ಬಯೋಕಾನ್, ಸಿಂಜೀನ್‌ನಂಥ ಕಂಪನಿಗಳಲ್ಲಿ, ಜೀನ್ ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲಿ, ಬೀಜ ಕಂಪನಿಗಳಲ್ಲಿ ಬಾಗಿಲು ತೆರೆಯುತ್ತದೆ. ಸ್ವಂತ ಪ್ರಶ್ನೆ ಇಟ್ಟುಕೊಂಡು ಸಂಶೋಧನೆ ನಡೆಸಬೇಕಾದರೆ ಪಿಎಚ್‌.ಡಿ ಬೇಕು. ಪಿಯು ಆದ ಮೇಲೆ ಲೆಕ್ಕ ಹಾಕಿದರೆ ಒಟ್ಟು ಹತ್ತು ವರ್ಷದ ದಾರಿ. ಇದನ್ನು ಈಗಲೇ ತಿಳಿದುಕೊಂಡು ಒಪ್ಪಿದರೆ ಮುಂದೆ ಮನೆಯಲ್ಲಿ ಜಗಳ ಇರುವುದಿಲ್ಲ.

ಹತ್ತು ವರ್ಷವೂ ಅಪ್ಪನ ಜೇಬಿನಿಂದಲೇ ಹೋಗಬೇಕಾಗಿಲ್ಲ. ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ನೆರವಿನ ಎಂ.ಎಸ್‌ಸಿಗಳಿಗೆ ಗ್ಯಾಟ್-ಬಿ ಅನ್ನುವ ಪರೀಕ್ಷೆ ಇದೆ, ಅದರಿಂದ ಸೇರಿದವರಿಗೆ ಎಂ.ಎಸ್‌ಸಿ ಓದುವಾಗಲೇ ತಿಂಗಳ ಸ್ಟೈಪೆಂಡ್ ಬರುತ್ತದೆ. ಬಿ.ಎಸ್‌ಸಿ ಆದ ಮೇಲೆ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌.ಡಿಗೆ ಪ್ರಯತ್ನಿಸಬಹುದು. ಎಂ.ಎಸ್‌ಸಿ ಆದ ಮೇಲೆ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಪಿಎಚ್‌.ಡಿಗೆ ದುಡ್ಡು ಸುರಿಯಬೇಕು ಅಂದುಕೊಂಡು ಮಗಳನ್ನು ನಿಲ್ಲಿಸಬೇಡಿ. ಒಳ್ಳೆಯ ಸಂಸ್ಥೆಯಲ್ಲಿ ಅವರೇ ಅವಳಿಗೆ ದುಡ್ಡು ಕೊಡುತ್ತಾರೆ.

ಇನ್ನೊಂದು ಮಾತು, ಇದು ಯಾವ ಸಿಲೆಬಸ್‌ನಲ್ಲೂ ಸರಿಯಾಗಿ ಬರುವುದಿಲ್ಲ. ಕಾಯಿಕೊರಕ ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಈ ಜಿಲ್ಲೆಯ ರೈತರು ಅದರ ಲಾಭವನ್ನೂ ಕಂಡಿದ್ದಾರೆ, ಆಮೇಲೆ ಗುಲಾಬಿ ಕಾಯಿಕೊರಕ ಅದನ್ನು ಮೀರಿ ಬಂದದ್ದನ್ನೂ ಕಂಡಿದ್ದಾರೆ. ಬಿಟಿ ಬದನೆ ಕೆಲಸದಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಇತ್ತು. ಬೆಂಗಳೂರು ಸೇರಿ ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆದು, 2010ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ನೀವು ಆ ತೀರ್ಮಾನ ಒಪ್ಪಿ ಅಥವಾ ಬಿಡಿ. ಆದರೆ ಬೀಜ ಯಾರ ಕೈಯಲ್ಲಿರುತ್ತದೆ, ಪಕ್ಕದ ಹೊಲಕ್ಕೆ ಪರಾಗ ಹೋದರೆ ಏನು, ತಿನ್ನುವವರಿಗೆ ತೊಂದರೆ ಇಲ್ಲ ಅಂತ ತೋರಿಸಿದವರು ಯಾರು ಅಂತ ರೈತರು ಕೇಳಿದ ಪ್ರಶ್ನೆಗಳು ಸರಿಯಾದ ಪ್ರಶ್ನೆಗಳು. ಅವುಗಳಿಗೆ ಉತ್ತರ ಕೊಡಬೇಕಾದವರು ಮುಂದೆ ನೀವು. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಭ್ರೂಣಗಳ ಜೀನ್ ತಿದ್ದಿ ಮಕ್ಕಳನ್ನು ಹುಟ್ಟಿಸಿದ್ದಾಗಿ ಹೇಳಿಕೊಂಡ. ಅಮೆರಿಕದಲ್ಲಿ ಪಿಎಚ್‌.ಡಿ ಮಾಡಿದವನು, ಓದಿನಲ್ಲಿ ಏನೂ ಕಮ್ಮಿ ಇರಲಿಲ್ಲ. ಅವನಿಗೆ ಮೂರು ವರ್ಷ ಜೈಲು ಶಿಕ್ಷೆ ಆಯಿತು. ಹುಟ್ಟಿದ ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ. ಡಿಗ್ರಿಯಲ್ಲಿ ಎಥಿಕ್ಸ್ ಅಂತ ಒಂದು ಪೇಪರ್ ಬಂದರೆ ಸುಮ್ನೆ ಪಾಸಾಗಲು ಓದಬೇಡಿ.

ಈಗ ಪ್ರಶ್ನೆಗಳು.

‘ಮೇಡಂ, ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮಾಧ್ಯಮ. ಇದೆಲ್ಲ ಇಂಗ್ಲಿಷಿನಲ್ಲೇ ಇರುತ್ತದಲ್ವಾ?’

ಇರುತ್ತದೆ, ಮುಚ್ಚುಮರೆ ಬೇಡ. ಸಂಶೋಧನಾ ಲೇಖನ, ಸಂದರ್ಶನ ಎಲ್ಲ ಇಂಗ್ಲಿಷಿನಲ್ಲೇ. ಆದರೆ ಬೇಕಾಗುವ ಇಂಗ್ಲಿಷ್ ಚಿಕ್ಕದು. ಸಣ್ಣ ವಾಕ್ಯ, ಕೆಲವು ನೂರು ಪದ, ಮತ್ತೆ ಮತ್ತೆ ಅವೇ. ಮೊದಲು ವಿಷಯವನ್ನು ಕನ್ನಡದಲ್ಲಿ ತಂಗಿಗೋ ತಮ್ಮನಿಗೋ ವಿವರಿಸಲು ನೋಡಮ್ಮ. ಅವರಿಗೆ ಅರ್ಥವಾದರೆ ನಿನಗೆ ಅರ್ಥವಾಗಿದೆ ಅಂತ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆ. ದಿನಾ ಬರೆ. ತಪ್ಪಾದರೂ ಪರವಾಗಿಲ್ಲ.

‘ನನ್ನ ಮಗ ಐಟಿಗೆ ಹೋದರೆ ಬೇಗ ಸೆಟಲ್ ಆಗುತ್ತಾನೆ. ಹತ್ತು ವರ್ಷ ಇದರಲ್ಲಿ ಹಾಕಿಸಲಾ?’

ಸರ್, ಅವನಿಗೆ ಇಷ್ಟ ಇಲ್ಲದಿದ್ದರೆ ಖಂಡಿತ ಹಾಕಿಸಬೇಡಿ. ಪ್ರಯೋಗ ಹತ್ತು ಸಲ ಮಾಡಿದರೆ ಎಂಟು ಸಲ ಕೆಟ್ಟುಹೋಗುತ್ತದೆ. ಒಳಗಿನಿಂದ ಆಸೆ ಇಲ್ಲದವನು ಎರಡನೇ ವರ್ಷಕ್ಕೇ ಸೋತುಹೋಗುತ್ತಾನೆ. ಇಷ್ಟ ಇದ್ದರೆ ಹೀಗೆ ಮಾಡಿ: ಮೊದಲ ಡಿಗ್ರಿಯಲ್ಲೇ ಪೈಥಾನ್ ಅನ್ನುವ ಕೋಡಿಂಗ್ ಭಾಷೆ ಕಲಿಯಲಿ. ಜೀವಶಾಸ್ತ್ರ ಗೊತ್ತಿದ್ದು ಕೋಡ್ ಬರೆಯಬಲ್ಲವರು ಸಿಗುವುದು ಕಷ್ಟ, ಎರಡೂ ಕಡೆ ಬೇಡಿಕೆ ಇದೆ. ಡಿಗ್ರಿ ಮುಗಿಯುವ ಹೊತ್ತಿಗೆ ಮನಸ್ಸು ಬದಲಾದರೂ ಕೈ ಖಾಲಿ ಇರುವುದಿಲ್ಲ.

‘ನಾನು ಗಣಿತ ತೆಗೆದುಕೊಂಡಿಲ್ಲ. ಈಗ ಸೆಕೆಂಡ್ ಪಿಯು. ನನಗೆ ದಾರಿ ಮುಚ್ಚಿತಾ?’

ಬಿಇ ಬಯೋಟೆಕ್ ಮುಚ್ಚಿದೆ, ಅದನ್ನು ಮರೆತುಬಿಡು. ಬಿ.ಎಸ್‌ಸಿ ಅಗ್ರಿ, ತೋಟಗಾರಿಕೆ, ಪಶುವೈದ್ಯಕೀಯ, ಎಂಬಿಬಿಎಸ್, ಜೀವಶಾಸ್ತ್ರದ ಬಿ.ಎಸ್‌ಸಿ ಎಲ್ಲವೂ ತೆರೆದಿವೆ. ಐಸರ್ ಪರೀಕ್ಷೆಯನ್ನೂ ಬರೆಯಬಹುದು, ಆ 15 ಗಣಿತದ ಪ್ರಶ್ನೆ ಸ್ವಲ್ಪ ಕಾಡುತ್ತವೆ ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಸಿಗುವ ರಜೆಯಲ್ಲಿ ಗೆಳತಿಯ ಗಣಿತ ಪುಸ್ತಕ ಈಸಿಕೊಂಡು ಸಂಭವನೀಯತೆ ಮತ್ತು ಲಾಗರಿದಮ್ ಅಧ್ಯಾಯ ಓದು. ಈಗ ಹೇಳಿದ 47 ಗಿಡದ ಲೆಕ್ಕ ಅಷ್ಟರಿಂದಲೇ ಬಿಡಿಸಬಹುದು. ಡಿಗ್ರಿಗೆ ಸೇರಿದ ಮೇಲೆ ಸಂಖ್ಯಾಶಾಸ್ತ್ರದ ಪೇಪರ್ ಎಲ್ಲಿ ಸಿಕ್ಕರೂ ತೆಗೆದುಕೋ, ಯಾರಾದರೂ ಕಷ್ಟ ಅಂತ ಹೆದರಿಸಿದರೂ ಬಿಡಬೇಡ.